‘ನೌಕರಿ ಎಲ್ಲೀಗೆ ಬಂತಪಾ?’

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಹುಡುಗನನ್ನು ಬಸು ಅಂತ ಕರೆಯೋಣ.)

ಧಾರವಾಡದ ಸಪ್ತಾಪುರದ ಕಡೆ ಓಡಾಡುವವರಿಗೆ ಬಸುವಿನಂತೆ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುವವರು ಹೊಸಬರಲ್ಲ. ದಿನವಿಡೀ ರೀಡಿಂಗ್ ರೂಮು, ಮಧ್ಯಾಹ್ನ ಖಾನಾವಳಿ ಊಟ, ಒಂದೇ ಕೋಣೆಯಲ್ಲಿ ಮೂರ್ನಾಲ್ಕು ಮಂದಿ. ಇವನು ಹಾವೇರಿ ಜಿಲ್ಲೆಯ ಹಳ್ಳಿಯವನು, ವಯಸ್ಸು ಮೂವತ್ತರ ಹತ್ತಿರ. ಅಪ್ಪನಿಗೆ ಸ್ವಲ್ಪ ಗೋವಿನಜೋಳದ ಹೊಲ.

2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ (ಪೊಲೀಸ್ ಸಬ್‌ ಇನ್‌ಸ್ಪೆಕ್ಟರ್) ಹುದ್ದೆಗಳಿಗೆ ನಡೆದ ಪರೀಕ್ಷೆಯನ್ನು ಚೆನ್ನಾಗಿ ಬರೆದಿದ್ದ. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅಷ್ಟರಲ್ಲಿ ಇವನ ಹುರುಪು ಹೋಗಿತ್ತು. ಅದರಲ್ಲೂ ಆಗಲಿಲ್ಲ, ಆಮೇಲಿನವುಗಳಲ್ಲೂ ಆಗಲಿಲ್ಲ.

ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬಂದದ್ದು ನಿದ್ದೆ ಬರಲ್ಲ ಅಂತ. ಮಾತು ಬೆಳೆದಂತೆ, ಹಬ್ಬಕ್ಕೂ ಊರಿಗೆ ಹೋಗುತ್ತಿಲ್ಲ ಅನ್ನುವುದು ಗೊತ್ತಾಯಿತು. “ಬಸ್ ಇಳದ್ರ ಸಾಕ್ರಿ ಮೇಡಂ, ನೌಕರಿ ಎಲ್ಲೀಗೆ ಬಂತಪಾ ಅಂತಾರ.” ದಿನಾ ಬೆಳಿಗ್ಗೆ ಸ್ಫೂರ್ತಿ ತುಂಬುವ ವಿಡಿಯೊ ನೋಡುತ್ತಿದ್ದ. “ನೋಡೂ ಮುಂದ ಹುರುಪು ಬರ್ತೈತ್ರಿ. ಹತ್ತಕ್ಕ ಮತ್ತ ಅದ ಕಥಿ.”

ಸಾಯುವ ಯೋಚನೆ ಬರುತ್ತದಾ ಅಂತ ನೇರವಾಗಿಯೇ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಜನ ಹೆದರುತ್ತಾರೆ. ಹಾಗಾಗುವುದಿಲ್ಲ. “ಏಳೂದ ಬ್ಯಾಡ ಅನಸ್ತೈತ್ರಿ, ಅಷ್ಟ” ಎಂದ. ಅಷ್ಟಕ್ಕೇ ನಾನು ಸುಮ್ಮನಾಗಲಿಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರನ್ನು ಕಾಣಲು ಕಳಿಸಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಳ್ಳಲು ಹೇಳಿದೆ. ಅದು ಉಚಿತ, ಹಗಲು ರಾತ್ರಿ ಸಿಗುತ್ತದೆ.

ಇನ್ನು ಧೈರ್ಯದ ಮಾತು. ಮಾದರಿ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಾಗ ನಿನಗೆ ನೀನೇ ಏನು ಅಂದುಕೊಳ್ಳುತ್ತೀ, ಬರಿ ಎಂದೆ. “ನಿನ್ನ ಹಣೇಬಾರ ಇಷ್ಟ. ಅಪ್ಪನ ರೊಕ್ಕಾ ಹಾಳ ಮಾಡಿದಿ” ಎಂದು ಬರೆದ. ಅಷ್ಟೇ ಅಂಕ ರೂಮಿನ ಗೆಳೆಯನಿಗೆ ಬಂದಿದ್ದರೆ ಅವನಿಗೆ ಏನನ್ನುತ್ತೀ ಎಂದೆ. ಮೊದಲ ಸಲ ನಕ್ಕ. “ಲೇ, ಇತಿಹಾಸ ಚಲೋ ಆಗೈತಿ. ಗಣಿತ ಅಷ್ಟ ಕೈಕೊಟ್ಟೈತಿ. ನಡಿ, ಚಾ ಕುಡದ ಬಂದು ಗಣಿತ ನೋಡೂಣು.”

ನನಗೆ ಬೇಕಿದ್ದ ಮಾತು ಇದೇ. ಇದರಲ್ಲಿ ಸುಳ್ಳು ಹೊಗಳಿಕೆ ಇಲ್ಲ. ಸರಿಯಾದದ್ದು ಯಾವುದು, ತಪ್ಪಿದ್ದು ಎಲ್ಲಿ, ಈಗ ಮಾಡುವುದೇನು, ಎಲ್ಲ ಇದೆ. ಇದನ್ನೇ “ಬಸ್ಯಾ” ಅಂತ ಹೆಸರು ಹಿಡಿದು ನಿನಗೆ ನೀನೇ ಹೇಳಿಕೋ ತಮ್ಮಾ ಎಂದೆ. ಮನೋವಿಜ್ಞಾನಿ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ‘ನಾನು’ ಅನ್ನದೆ ಹೆಸರು ಹಿಡಿದು ತಮ್ಮೊಡನೆ ಮಾತಾಡಿಕೊಂಡವರು ಒತ್ತಡವನ್ನು ಹೆಚ್ಚು ಚೆನ್ನಾಗಿ ನಿಭಾಯಿಸಿದ್ದರು. ‘ನಾನು ಗೆದ್ದೇ ಗೆಲ್ಲುತ್ತೇನೆ’ ಎಂಬ ಘೋಷಣೆಗಳ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಪರೀಕ್ಷೆಯೇ ರದ್ದಾದದ್ದನ್ನು ಕಂಡವನು ಅದನ್ನು ಹೇಗೆ ನಂಬಬೇಕು, ಅಲ್ವಾ?

ಉಳಿದವು ಸಣ್ಣ ಕೆಲಸಗಳು. ಏಳುವ ಹೊತ್ತು ಒಂದೇ ಇರಲಿ. ರಾತ್ರಿ ಫೋನು ಕೈಗೆ ಸಿಗದಷ್ಟು ದೂರ ಇಡು. ಬೆಳಿಗ್ಗೆ ಕರ್ನಾಟಕ ವಿಶ್ವವಿದ್ಯಾಲಯದ ಕಡೆ ಒಂದು ಸುತ್ತು ನಡಿ. ಸಂಜೆ ನಾಲ್ಕು ಮಕ್ಕಳಿಗೆ ಪಾಠ ಹೇಳು. ಕೈಗೆ ರೊಕ್ಕ ಬರುತ್ತದೆ, ಓದಿದ್ದೂ ನೆನಪಿರುತ್ತದೆ. ಅಪ್ಪನಿಗೆ ನಿಜ ಹೇಳುವುದೇ ಕಷ್ಟದ ಕೆಲಸವಾಗಿತ್ತು. ಆ ಮಾತನ್ನು ನನ್ನೆದುರೇ ಆಡಿ ನೋಡಿ, ಆಮೇಲೆ ಫೋನ್ ಮಾಡಿದ. ಅಪ್ಪ ಬೈಯಲಿಲ್ಲ. “ಮದ್ಲ ಊರಿಗೆ ಬಾ” ಅಂದರಂತೆ.

ಔಷಧಿ, ನಡಿಗೆ ಎರಡರಿಂದಲೂ ನಿದ್ದೆ ಸುಧಾರಿಸಿದೆ. ಫಲಿತಾಂಶದ ದಿನ ಈಗಲೂ ಕೆಟ್ಟದ್ದೇ. ಅವತ್ತು ಒಬ್ಬನೇ ಕೂತು ಪಟ್ಟಿ ನೋಡುವುದಿಲ್ಲ ಎಂದು ಗೆಳೆಯನ ಜೊತೆ ಮಾತಾಗಿದೆ. ತಯಾರಿ ಎಲ್ಲಿವರೆಗೆ ಅನ್ನುವುದು ಮಾತ್ರ ತೀರ್ಮಾನವಾಗಿಲ್ಲ. ವಯೋಮಿತಿ ಮುಗಿಯುವ ತನಕ ಅನ್ನುತ್ತಾನೆ ಅವನು. ಜೊತೆಗೇ ಬಿ.ಎಡ್.ಗೂ ಅರ್ಜಿ ಹಾಕುವ ಯೋಚನೆ ಮಾಡು ಅನ್ನುತ್ತಿದ್ದೇನೆ ನಾನು.