ಆ 80 ಸಾವಿರಕ್ಕೆ ಬಿಲ್ ಎಲ್ಲಿದೆ?

ಹೊಸ 350 ಸಿಸಿ ಬೈಕು, ಇನ್ನೂ ರಸ್ತೆಗೆ ಇಳಿದಿಲ್ಲ, ಗ್ಯಾರೇಜಿನವರು ಅದನ್ನು ಬಾಬರ್ ಥರ (ಒಂದೇ ಸೀಟು, ಮೊಟಕು ಮಡ್‌ಗಾರ್ಡ್, ದಪ್ಪ ಟೈರು) ಮಾಡಿಸಿ ನಿಲ್ಲಿಸಿದ್ದಾರೆ. ಶೋರೂಂನಲ್ಲಿ ಅದೇ ಗಾಡಿ ಆನ್‌ರೋಡ್ 2 ಲಕ್ಷ 40 ಸಾವಿರ, ಇವರು ಹೇಳುವುದು 3 ಲಕ್ಷ 20 ಸಾವಿರ, ಅಷ್ಟು ಬಾಳುತ್ತದಾ ಅಂತ ಕೇಳಿದ್ದೀರಿ. ನೀವು ಕಾರವಾರದವರು ಅಂತ ಓದಿದ ಮೇಲಂತೂ ಉತ್ತರ ಬರೆಯದೆ ಇರಲು ಆಗಲಿಲ್ಲ. 2018ರ ಅಕ್ಟೋಬರ್‌ನಲ್ಲಿ ನಾನೂ ಇಂಥದ್ದೇ ಗಾಡಿ ಮುಂದೆ ನಿಂತಿದ್ದೆ.

ನಮ್ಮ ಮನೆ ಶಿರಸಿ ಹತ್ತಿರದ ಹಳ್ಳಿ, ಆಗ ಕೆಲಸ ಕುಮಟಾದಲ್ಲಿ. ಶನಿವಾರ ಸಂಜೆ ದೇವಿಮನೆ ಘಟ್ಟ ಹತ್ತಿ ಮನೆಗೆ, ಸೋಮವಾರ ಬೆಳಿಗ್ಗೆ ಅದೇ ಘಟ್ಟ ಇಳಿದು ಕೆಲಸಕ್ಕೆ. ಒಂದು ದಿಕ್ಕಿಗೆ ಸುಮಾರು 60 ಕಿಲೋಮೀಟರ್. ಕರಾವಳಿಯ ಒಂದು ಗ್ಯಾರೇಜಿನಲ್ಲಿ ಆ ಗಾಡಿ ನೋಡಿದೆ. ಮಿಂಚಿಲ್ಲದ ಕಪ್ಪು ಬಣ್ಣದ ಟ್ಯಾಂಕು, ದಪ್ಪ ಟೈರು, ಒಂದೇ ಸೀಟು, ಹಿಂದೆ ಮಡ್‌ಗಾರ್ಡ್ ಅನ್ನುವುದು ಹೆಸರಿಗೆ ಮಾತ್ರ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಆಗ ಶೋರೂಂ ಲೆಕ್ಕದಲ್ಲಿ ಆ ಗಾಡಿಗೆ 1 ಲಕ್ಷ 70 ಸಾವಿರ. ಇವರು 2 ಲಕ್ಷ 45 ಸಾವಿರ ಹೇಳಿದರು. ಚೌಕಾಸಿ ಮಾಡಿ 2 ಲಕ್ಷ 38 ಸಾವಿರಕ್ಕೆ ಇಳಿಸಿದೆ. ಏಳು ಸಾವಿರ ಉಳಿಸಿದೆ ಅಂತ ಮನೆಗೆ ಫೋನ್ ಕೂಡ ಮಾಡಿದೆ.

ನಾನು ಮಾಡಿದ ತಪ್ಪು ಆ ಟೇಬಲ್ ಮೇಲೆ ಆಗಿದ್ದು. ಗಾಡಿ ಓಡಿಸುವಾಗ ಅಲ್ಲ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಆ ಗಾಡಿಯ ಉಳಿದ ಕಷ್ಟಗಳನ್ನು ಹೇಗೋ ಸಹಿಸಿಕೊಂಡೆ, ಇದನ್ನು ಸಹಿಸಲು ಆಗಲಿಲ್ಲ. ನನ್ನ ಕೈಗೆ ಎರಡು ಕಾಗದ ಬಂದವು. ಒಂದು, ಶೋರೂಮಿನ ಬಿಲ್. ಅದರಲ್ಲಿ ಇದ್ದದ್ದು ಕಂಪನಿಯಿಂದ ಬಂದ ಹಾಗೆ ಇರುವ ಗಾಡಿ, ಅದರ ಬೆಲೆ. ಇನ್ನೊಂದು, ಬಿಳಿ ಹಾಳೆಯಲ್ಲಿ ಪೆನ್ನಿನಲ್ಲಿ ಬರೆದ ಒಂದೇ ಸಾಲು: "ಆಲ್ಟ್ರೇಷನ್ 68,000". ಯಾವ ಸಾಮಾನಿಗೆ ಎಷ್ಟು, ಕೂಲಿ ಎಷ್ಟು, ಬಣ್ಣಕ್ಕೆ ಎಷ್ಟು, ಏನೂ ಇಲ್ಲ. ಸಹಿಯೂ ಇಲ್ಲ. ಬಿಲ್ ಕೇಳಿದೆ. "ಬಿಲ್ ಹಾಕಿದ್ರೆ ಜಿಎಸ್‌ಟಿ ಕಟ್ಟಬೇಕಾಗ್ತದೆ ಭಟ್ರೆ, ನಿಮಗೇ ಸುಮ್ನೆ ಜಾಸ್ತಿ ಆಗ್ತದೆ" ಅಂದರು. ಹತ್ತು ಹನ್ನೆರಡು ಸಾವಿರ ಉಳಿಯಿತು ಅಂತ ಒಪ್ಪಿಕೊಂಡೆ.

ಆ ಒಪ್ಪಿಗೆಯ ಅರ್ಥ ಏನು ಗೊತ್ತಾ? ಆ 68 ಸಾವಿರ ರೂಪಾಯಿಯ ಸಾಮಾನು ಯಾವ ಕಾಗದದಲ್ಲೂ ಇಲ್ಲ ಅಂತ ನಾನೇ ಒಪ್ಪಿದ ಹಾಗೆ. ಇನ್ಶೂರೆನ್ಸ್‌ನವರು ಗಾಡಿಗೆ ಐಡಿವಿ ಅಂತ ಒಂದು ಬೆಲೆ ಕಟ್ಟುತ್ತಾರೆ. ಅದು ಕಂಪನಿ ಆ ಮಾಡೆಲ್ಲಿಗೆ ಇಟ್ಟ ಬೆಲೆಯಿಂದ ಸವಕಳಿ ಕಳೆದ ಲೆಕ್ಕ. ಮೊದಲ ಆರು ತಿಂಗಳು 5%, ಒಂದು ವರ್ಷದವರೆಗೆ 15%, ಹೀಗೆ ಏರುತ್ತಾ ಹೋಗುತ್ತದೆ. ಕಂಪನಿ ಬೆಲೆಯಲ್ಲಿ ಸೇರದ ಸಾಮಾನು ಆ ಲೆಕ್ಕಕ್ಕೆ ಬರಬೇಕಾದರೆ ಬಿಲ್ ತೋರಿಸಿ, ಪಾಲಿಸಿಯಲ್ಲಿ ಬೇರೆಯಾಗಿ ಬರೆಸಿ, ಅದಕ್ಕೆ ಪ್ರೀಮಿಯಂ ಕಟ್ಟಬೇಕು. ಬಿಲ್ಲೇ ಇಲ್ಲದಿದ್ದರೆ ಬರೆಸುವುದು ಹೇಗೆ? "ಐದು ವರ್ಷದ ಇನ್ಶೂರೆನ್ಸ್ ಇದೆ, ಚಿಂತೆ ಬೇಡ" ಅಂತಲೂ ಹೇಳಿದ್ದರು. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ ವಿಮೆ ಕಡ್ಡಾಯ ಆಗಿದೆ ನಿಜ, ಆದರೆ ಅದು ಥರ್ಡ್ ಪಾರ್ಟಿ, ಅಂದರೆ ಎದುರಿನವರಿಗೆ ಆದ ಹಾನಿಗೆ. ನಮ್ಮ ಗಾಡಿಗೆ ಆಗುವ ಹಾನಿಯ ವಿಮೆ ಬೇರೆ. ನಿಮಗೂ ಐದು ವರ್ಷ ಅಂದಿರುತ್ತಾರೆ. ಕಾಗದ ಬಿಡಿಸಿ ನೋಡಿ.

2019ರ ಜುಲೈ. ಸೋಮವಾರ ಬೆಳಿಗ್ಗೆ, ಜಡಿಮಳೆ, ದೇವಿಮನೆ ಘಟ್ಟದ ಒಂದು ತಿರುವಿನಲ್ಲಿ ಒದ್ದೆ ತರಗೆಲೆ ಮೇಲೆ ಹಿಂದಿನ ಚಕ್ರ ಜಾರಿತು. ನನಗೆ ಮೊಣಕೈ, ಮೊಣಕಾಲು ತರಚಿದ್ದು ಅಷ್ಟೇ. ಗಾಡಿ ಹೋಗಿ ಗಟಾರದ ಕಲ್ಲಿಗೆ ಬಡಿಯಿತು. ಟ್ಯಾಂಕು ನೆಗ್ಗಿತು, ಹ್ಯಾಂಡಲ್ ಬಾಗಿತು, ಸೈಲೆನ್ಸರ್ ಹರಿದು ಹೋಯಿತು. ರಿಪೇರಿ ಅಂದಾಜು 61 ಸಾವಿರ. ಇನ್ಶೂರೆನ್ಸ್‌ನ ಸರ್ವೇಯರ್ ಬಂದರು, ಬಿಲ್ ನೋಡಿದರು, ಗಾಡಿ ನೋಡಿದರು, ಮತ್ತೆ ಬಿಲ್ ನೋಡಿದರು. ಆಮೇಲೆ ಒಂದೊಂದೇ ಸಾಲಿನ ಮೇಲೆ ಗೀಟು ಎಳೆಯುತ್ತಾ ಹೋದರು. ಆ ಪೆನ್ನಿನ ಶಬ್ದ ಇವತ್ತಿಗೂ ನೆನಪಿದೆ. ಕೊನೆಗೆ ಸಿಕ್ಕಿದ್ದು 14,500. "ಆರ್‌ಸಿಯಲ್ಲಿ ಇರುವ ಗಾಡಿಯೇ ಇದಲ್ಲ ಅಂತ ಪೂರ್ತಿ ಕ್ಲೇಮನ್ನೇ ತಳ್ಳಿಹಾಕಬಹುದಿತ್ತು" ಅಂತ ಅವರು ಹೇಳಿದಾಗ ನನ್ನ ಬಾಯಿಂದ ಮಾತು ಬರಲಿಲ್ಲ.

ಅವರು ಹೇಳಿದ್ದು ಬರೀ ಹೆದರಿಕೆಯ ಮಾತಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿ ಕಂಪನಿ ಹೇಳಿದ ವಿವರಕ್ಕಿಂತ ಬೇರೆ ಆಗುವ ಹಾಗೆ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ, ಅಂದರೆ ನಾನು ಗಾಡಿ ತಂದ ಮೂರೇ ತಿಂಗಳಿಗೆ, ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿ ಆದ ಮೇಲೆ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಮಾಲೀಕ ಅಂದರೆ ನೀವು, ಗ್ಯಾರೇಜಿನವರಲ್ಲ. ಆರ್‌ಸಿಯಲ್ಲಿ ಎರಡು ಸೀಟು ಅಂತ ಇದ್ದು ಗಾಡಿಯಲ್ಲಿ ಒಂದೇ ಇದ್ದರೆ ನೀವು ಏನು ಹೇಳುತ್ತೀರಿ?

ಸೀಟಿನ ವಿಷಯಕ್ಕೆ ಇನ್ನೊಂದು. ಗಾಡಿ ಅಂಗಳಕ್ಕೆ ತಂದ ದಿನ ಅಪ್ಪಯ್ಯ ಸುತ್ತ ಒಂದು ಸಲ ನೋಡಿ ಕೇಳಿದ್ದು ಒಂದೇ ಮಾತು: "ತಮಾ, ಇದ್ರಲ್ಲಿ ಆಯಿ ಎಲ್ಲಿ ಕೂರ್ತು?" ನನಗೆ ಆಗ ಸಿಟ್ಟು ಬಂದಿತ್ತು. ಆಯಿಯನ್ನು, ಅಂದರೆ ಅಮ್ಮನನ್ನು, ಶಿರಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದ ಪ್ರತಿ ಸಲವೂ ಪಕ್ಕದ ಮನೆಯ ಸ್ಕೂಟರ್ ಕೇಳಬೇಕಾಯ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. 3 ಲಕ್ಷ 20 ಸಾವಿರ ಬಾಳುತ್ತದಾ ಅನ್ನುವ ಪ್ರಶ್ನೆಯೇ ಸರಿ ಇಲ್ಲ ಅಂತ ನನಗೆ ಅನಿಸುತ್ತದೆ. ಅಲ್ಲಿ ಎರಡು ವಸ್ತು ಇದೆ. ಒಂದು 2 ಲಕ್ಷ 40 ಸಾವಿರದ ಗಾಡಿ, ಅದರ ಬೆಲೆ ಯಾವ ಶೋರೂಮಿನಲ್ಲಿ ಕೇಳಿದರೂ ಗೊತ್ತಾಗುತ್ತದೆ. ಇನ್ನೊಂದು 80 ಸಾವಿರದ ಕೆಲಸ, ಅದಕ್ಕೆ ಪೇಟೆಯಲ್ಲಿ ಬೆಲೆಯೇ ಇಲ್ಲ, ನಿಮ್ಮ ಆಸೆಗೆ ಇರುವ ಬೆಲೆ ಮಾತ್ರ. ನಾನು 2021ರಲ್ಲಿ ಮಾರಲು ಹೋದಾಗ ನೋಡಲು ಬಂದ ಮೂವರೂ ಮೊದಲು ಕೇಳಿದ್ದು, "ಕಂಪನಿ ಟ್ಯಾಂಕು, ಸೀಟು ಇಟ್ಟಿದ್ದೀರಾ?" ಇರಲಿಲ್ಲ. ಗ್ಯಾರೇಜಿನವರೇ ಇಟ್ಟುಕೊಂಡಿದ್ದರು. ಇದನ್ನು ಯೋಚನೆ ಮಾಡಿ ಮಾರಾಯ್ರೆ. ನಿಮ್ಮ ಗಾಡಿಯಿಂದ ಬಿಚ್ಚಿದ ಸೀಟು, ಸೈಲೆನ್ಸರ್, ಎರಡು ಚಕ್ರ, ಮಡ್‌ಗಾರ್ಡ್ ಎಲ್ಲದರ ದುಡ್ಡು ಆ 2 ಲಕ್ಷ 40 ಸಾವಿರದಲ್ಲೇ ಸೇರಿದೆ. ಅದರ ಜಾಗಕ್ಕೆ ಬಂದ ಸಾಮಾನಿಗೆ ಮತ್ತೆ 80 ಸಾವಿರ. ಬಿಚ್ಚಿದ ಹೊಸ ಸಾಮಾನು ಯಾರ ಕೈಯಲ್ಲಿದೆ? ಅದನ್ನು ನಿಮಗೆ ಕೊಡಬೇಕು, ಇಲ್ಲ ಅದರ ಬೆಲೆ ಕಳೆಯಬೇಕು.

ಇನ್ನು ನಮ್ಮ ಕಡೆಯ ಗಾಳಿ. ಕುಮಟಾದ ನನ್ನ ರೂಮಿನಿಂದ ಸಮುದ್ರ ಒಂದು ಕಿಲೋಮೀಟರೂ ಇರಲಿಲ್ಲ. ಹೆಡ್‌ಲೈಟು, ಇಂಡಿಕೇಟರ್ ಬದಲಾಯಿಸುವಾಗ ವೈರು ಕತ್ತರಿಸಿ ಟೇಪ್ ಸುತ್ತಿದ್ದರು. ಒಂದು ಮಳೆಗಾಲ ಮುಗಿಯುವಾಗ ಆ ಗಂಟುಗಳ ಒಳಗೆ ಹಸಿರು ಕಿಲುಬು. ಮಳೆ ಜೋರಾದರೆ ಇಂಡಿಕೇಟರ್ ಹತ್ತುತ್ತಿರಲಿಲ್ಲ. ಕಂಪನಿಯ ಸರ್ವಿಸ್‌ನವರು ನೋಡಿ, ವೈರಿಂಗ್ ಕತ್ತರಿಸಿದ್ದಕ್ಕೆ ವಾರಂಟಿ ಬರುವುದಿಲ್ಲ ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ನೀವು ಕಾರವಾರದಲ್ಲಿ ಇರುವವರು, ನಿಮಗೆ ಉಪ್ಪು ಗಾಳಿ ವರ್ಷಪೂರ್ತಿ. ಸೀಟು ಎತ್ತಿಸಿ ನೋಡಿ. ಕಂಪನಿ ಕನೆಕ್ಟರ್ ಇರಬೇಕಾದ ಕಡೆ ಟೇಪು ಕಂಡರೆ, ಹಿಂದಿನ ಚಾಸಿ ಕತ್ತರಿಸಿ ವೆಲ್ಡಿಂಗ್ ಮಾಡಿದ್ದು ಕಂಡರೆ, ಅಲ್ಲಿಂದ ಎದ್ದು ಬನ್ನಿ. ಚಕ್ರದ ಅಳತೆ ಬದಲಾಗಿದೆಯಾ ಅಂತಲೂ ಕೇಳಿ. ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ, ಮುಂದಿನ ಮತ್ತು ಹಿಂದಿನ ಚಕ್ರದ ವೇಗ ಹೋಲಿಸಿ ಕೆಲಸ ಮಾಡುವುದು, ಒಂದು ಚಕ್ರದ ಸುತ್ತಳತೆ ಬದಲಾದರೆ ಆ ಲೆಕ್ಕವೇ ತಪ್ಪುತ್ತದೆ. ಘಟ್ಟದ ಮಳೆಯಲ್ಲಿ ಅದು ಸಣ್ಣ ವಿಷಯ ಅಲ್ಲ.

ಗೋವಾ ನಂಬರಿನಲ್ಲಿ ಕೊಡುತ್ತೇವೆ, ಟ್ಯಾಕ್ಸ್ ಉಳಿಯುತ್ತದೆ ಅಂತ ಹೇಳಿದರೆ ಅದನ್ನೂ ನಂಬಬೇಡಿ. 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಇಲ್ಲೇ ನೋಂದಣಿ ಮಾಡಿಸಿ ಇಲ್ಲಿನ ಟ್ಯಾಕ್ಸ್ ಕಟ್ಟಬೇಕು. ಅವರ ಹೆಸರಿಗೆ ಈಗಾಗಲೇ ನೋಂದಣಿ ಆಗಿದ್ದರೆ ನೀವು ಎರಡನೇ ಮಾಲೀಕ, ಅದು ಹೊಸ ಗಾಡಿಯೇ ಅಲ್ಲ.

ನನ್ನ ಕೇಳಿದರೆ ಮಾಮೂಲಿ ಗಾಡಿ ತನ್ನಿ. ಒಂದು ಮಳೆಗಾಲ ಓಡಿಸಿ. ಆಮೇಲೆ ಹ್ಯಾಂಡಲ್ ಎತ್ತರ ಬೇಕಾ, ಸೀಟು ಮೆತ್ತಗೆ ಬೇಕಾ ಅಂತ ನಿಮ್ಮ ಬೆನ್ನೇ ಹೇಳುತ್ತದೆ. ಕಂಪನಿಯದೇ ಆಕ್ಸೆಸರಿ ಶೋರೂಮಿನಲ್ಲಿ ಸಿಗುತ್ತದೆ, ಒಂದೊಂದಕ್ಕೂ ಬಿಲ್ ಬರುತ್ತದೆ, ಆ ಬಿಲ್ ಹಿಡಿದು ಪಾಲಿಸಿಯಲ್ಲೂ ಬರೆಸಬಹುದು. ನಾನು ಈಗ ಓಡಿಸುತ್ತಿರುವ ಗಾಡಿಗೆ ಹಾಕಿಸಿದ್ದು ಎರಡೇ, ಕ್ರ್ಯಾಶ್ ಗಾರ್ಡ್ ಮತ್ತು ಹಿಂದೆ ಕೂರುವವರಿಗೆ ಬೆನ್ನು ಆನಿಸಲು ಒಂದು ಆಸರೆ. ಆಯಿ ಈಗ ಅದಕ್ಕೆ ಒರಗಿ ಕೂರುತ್ತಾಳೆ.

ಅಷ್ಟಾದರೂ ಆ ಗಾಡಿಯೇ ಬೇಕು ಅನಿಸಿದರೆ, ಮನಸ್ಸು ಹೋದ ಮೇಲೆ ಹೇಗಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು, ಬೆಲೆ ಇಳಿಸಲು ಹೋಗಬೇಡಿ. ಮೊದಲು 80 ಸಾವಿರಕ್ಕೆ ಸಾಮಾನಿನ ಹೆಸರು ಹಾಕಿದ, ಜಿಎಸ್‌ಟಿ ಸೇರಿಸಿದ ಪಕ್ಕಾ ಬಿಲ್ ಕೇಳಿ. ಎರಡನೆಯದಾಗಿ, ಬಿಚ್ಚಿದ ಸಾಮಾನನ್ನು ಟೆಂಪೋದಲ್ಲಿ ನಿಮ್ಮ ಮನೆಗೆ ಕಳಿಸಲು ಹೇಳಿ. ಅವರು ಏನಂದರು ಅಂತ ನನಗೆ ತಿಳಿಸಿ.