“ಏನೂ ಕಲಿಯಲಿಲ್ಲ” ಎಂದು ಬಂದ ತತ್ವಶಾಸ್ತ್ರದ ವಿದ್ಯಾರ್ಥಿನಿ

(ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದಿದ್ದೇನೆ.)

ತತ್ವಶಾಸ್ತ್ರ ಪದವಿಯ ಕೊನೆಯ ವರ್ಷ. ಸಲಹೆ ಕೇಳಿ ನನ್ನ ಬಳಿ ಬಂದಾಗ ತರಗತಿಗೆ ಹೋಗುವುದನ್ನೇ ಬಿಟ್ಟಿದ್ದಳು. “ಮೇಡಂ, ಒಬ್ಬರು ಕಟ್ಟಿದ ವಾದವನ್ನು ಮುಂದಿನ ವಾರ ಇನ್ನೊಬ್ಬರು ಕೆಡವುತ್ತಾರೆ. ಮೊದಲು ನಂಬಿದ್ದೂ ಹೋಯಿತು, ಹೊಸದೂ ಸಿಗಲಿಲ್ಲ. ಏನು ಕಲಿತೆ ಎಂದು ಅಪ್ಪ ಕೇಳಿದರೆ ಬಾಯಿ ಕಟ್ಟಿಹೋಗುತ್ತದೆ” ಎಂದಳು.

ಮೊದಲು ನಿದ್ರೆ, ಊಟ, ಬದುಕುವ ಆಸೆಯ ಬಗ್ಗೆ ಕೇಳಿದೆ. ‘ಯಾವುದಕ್ಕೂ ಅರ್ಥವಿಲ್ಲ’ ಎಂಬ ಮಾತನ್ನು ಓದಿನ ಪ್ರಭಾವವೆಂದು ತಳ್ಳಿಹಾಕುವುದು ಅಪಾಯ. ಅದರ ಹಿಂದೆ ಖಿನ್ನತೆ ಇರುವುದುಂಟು. ಈಕೆಯಲ್ಲಿ ಅದರ ಲಕ್ಷಣಗಳು ಕಾಣಲಿಲ್ಲ. ತೀರ್ಮಾನಗಳು ಕೈಗೆ ಸಿಕ್ಕರೆ ಮಾತ್ರ ಕಲಿತಂತೆ ಎಂದು ಅವಳು ನಂಬಿದ್ದಳು.

ಮೊದಲ ವರ್ಷದ ಒಂದು ಪ್ರಬಂಧವನ್ನೂ ಈಚಿನ ಒಂದನ್ನೂ ತರಲು ಹೇಳಿದೆ. ಎರಡರ ವಿಷಯವೂ ಸಂಕಲ್ಪ ಸ್ವಾತಂತ್ರ್ಯ, ಅಂದರೆ ನಮ್ಮ ಆಯ್ಕೆಗಳು ನಿಜಕ್ಕೂ ನಮ್ಮ ಕೈಯಲ್ಲಿವೆಯೇ ಎಂಬ ಪ್ರಶ್ನೆ. ಹಳೆಯದರಲ್ಲಿ, “ಎಲ್ಲವೂ ಮೊದಲೇ ನಿರ್ಧಾರವಾಗಿದ್ದರೆ ಯಾರೂ ಯಾವುದಕ್ಕೂ ಹೊಣೆಯಲ್ಲ, ಇದು ಸ್ಪಷ್ಟ” ಎಂದು ಬರೆದಿದ್ದಳು. ಹೊಸದರಲ್ಲಿ ಅದೇ ವಾದವನ್ನು ಬಿಚ್ಚಿ, ನಡುವೆ ಯಾರೂ ಬಾಯಿಬಿಟ್ಟು ಹೇಳದ ಒಂದು ಮಾತನ್ನು ಹೊರಗೆಳೆದಿದ್ದಳು: ಬೇರೆ ರೀತಿ ನಡೆದುಕೊಳ್ಳಲು ಸಾಧ್ಯವಿದ್ದವನು ಮಾತ್ರ ಹೊಣೆಗಾರ. 1969ರಲ್ಲಿ ಅಮೆರಿಕದ ತತ್ವಶಾಸ್ತ್ರಜ್ಞ ಹ್ಯಾರಿ ಫ್ರಾಂಕ್‌ಫರ್ಟ್ ಒಂದು ಉದಾಹರಣೆ ಕೊಟ್ಟು ಪ್ರಶ್ನಿಸಿದ್ದು ಈ ಮಾತನ್ನೇ. ಒಬ್ಬ ತನ್ನಿಷ್ಟದಿಂದಲೇ ಒಂದು ಕೃತ್ಯ ಮಾಡುತ್ತಾನೆ; ಮನಸ್ಸು ಬದಲಿಸಿದ್ದರೆ ಬಲವಂತವಾಗಿ ಅದನ್ನೇ ಮಾಡಿಸಲು ಇನ್ನೊಬ್ಬ ಮರೆಯಲ್ಲಿ ಕಾದಿದ್ದ, ಆದರೆ ಅದರ ಅಗತ್ಯವೇ ಬೀಳಲಿಲ್ಲ. ಕೃತ್ಯ ಮಾಡಿದವನಿಗೆ ಬೇರೆ ದಾರಿ ಇರಲಿಲ್ಲ, ಆದರೂ ಹೊಣೆ ಅವನದೇ ಅಲ್ಲವೇ? ಈ ಉದಾಹರಣೆಗೆ ಅವಳು ತನ್ನದೇ ಆಕ್ಷೇಪವನ್ನೂ ಎತ್ತಿದ್ದಳು. ‘ಸ್ಪಷ್ಟ’ ಎಂದು ದಾಟಿಹೋಗುತ್ತಿದ್ದವಳು ಈಗ ಅದೇ ಜಾಗದಲ್ಲಿ ನಿಂತು ತಡಕುತ್ತಿದ್ದಾಳೆ. ನನ್ನ ಮಟ್ಟಿಗೆ ವಿಶ್ವವಿದ್ಯಾಲಯದಲ್ಲಿ ದಕ್ಕಬಹುದಾದ ದೊಡ್ಡ ಕಲಿಕೆಗಳಲ್ಲಿ ಇದೊಂದು. ಹಾಗೆಂದು ಅವಳಿಗೂ ಹೇಳಿದೆ.

ಮನೆಯ ಕಥೆ ಬೇರೆ. ಅಪ್ಪ ಮಾತೆತ್ತಿದರೆ ಸಾಕು, “ಹೋದ ತಿಂಗಳು ಹೇಳಿದ್ದಕ್ಕೂ ಇದಕ್ಕೂ ತಾಳೆಯಾಗುವುದಿಲ್ಲ” ಎಂದು ಸಿಕ್ಕಿಹಾಕಿಸುತ್ತಿದ್ದಳು. ವಾದ ಗೆಲ್ಲುತ್ತಿದ್ದಳು, ಅವರು ಎದ್ದು ಹೋಗುತ್ತಿದ್ದರು. ಕಲಿತದ್ದರಲ್ಲಿ ಅರ್ಧವನ್ನು ಮಾತ್ರ ಮನೆಗೆ ಒಯ್ದಿದ್ದೀಯ ಎಂದೆ. ನಮ್ಮ ದರ್ಶನ ಗ್ರಂಥಗಳಲ್ಲಿ ಸಿದ್ಧಾಂತಕ್ಕೆ, ಅಂದರೆ ತನ್ನ ನಿಲುವಿಗೆ, ಮೊದಲು ಪೂರ್ವಪಕ್ಷ, ಅಂದರೆ ಎದುರಾಳಿಯ ವಾದ, ಬರುತ್ತದೆ. ಎದುರಾಳಿಯ ಮಾತನ್ನು ಅವನೇ ಒಪ್ಪುವಷ್ಟು ಬಲವಾಗಿ ಹೇಳದೆ ಮಾಡಿದ ಖಂಡನೆ ಟೊಳ್ಳು. ಅಪ್ಪನ ವಾದವನ್ನು ಒಂದು ಪುಟದಲ್ಲಿ ಹಾಗೆ ಬರೆದು ಅವರಿಗೇ ತೋರಿಸು, ಉತ್ತರ ಕೊಡಬೇಡ ಎಂದು ಸಲಹೆ ನೀಡಿದೆ.

ಅವಳು ಬರೆದದ್ದರಲ್ಲಿ ಒಂದು ವಾಕ್ಯ ಹೀಗಿತ್ತು: “ನನಗೆ ದುಡಿಯುವ ಶಕ್ತಿ ಇರುವಾಗಲೇ ಮಗಳು ತನ್ನ ಕಾಲ ಮೇಲೆ ನಿಲ್ಲುವುದನ್ನು ನೋಡಬೇಕು.” ಅಪ್ಪ ಎರಡು ಸಲ ಓದಿ, “ನಾನು ಹೇಳಬೇಕೆಂದಿದ್ದದ್ದು ಇದನ್ನೇ” ಎಂದರಂತೆ.

ಉದ್ಯೋಗದ ಬಗ್ಗೆ ಸುಳ್ಳು ಭರವಸೆ ಕೊಡಲಿಲ್ಲ. ಈ ಪದವಿ ನೇರವಾಗಿ ಇಂಥದ್ದೇ ಕೆಲಸಕ್ಕೆ ಎಂದು ತಯಾರು ಮಾಡುವುದಿಲ್ಲ. ಅಪ್ಪನ ಆತಂಕಕ್ಕೆ ಆಧಾರವಿದೆ. ಅರ್ಜಿಯಲ್ಲಿ ‘ವಿಮರ್ಶಾತ್ಮಕ ಚಿಂತನೆ’ ಎಂದು ಬರೆದು ಸುಮ್ಮನಾಗುವ ಬದಲು, ಗೋಜಲಾದ ಒಂದು ವರದಿಯನ್ನು ಒಂದು ಪುಟಕ್ಕೆ ಇಳಿಸಿ, ಅದರಲ್ಲಿ ಆಧಾರವಿಲ್ಲದ ಮಾತು ಯಾವುದೆಂದು ಗುರುತಿಸಿ ಮಾದರಿಯಾಗಿ ಲಗತ್ತಿಸಲು ಹೇಳಿದೆ. ಸದ್ಯ ತರಗತಿಗೆ ಮರಳಿದ್ದಾಳೆ. ಸ್ನಾತಕೋತ್ತರ ಓದೋ ಕೆಲಸವೋ ಎಂಬುದು ಪರೀಕ್ಷೆ ಮುಗಿದ ಮೇಲೆ ಅಪ್ಪನೊಂದಿಗೆ ಕುಳಿತು ಮಾತನಾಡುವ ವಿಷಯ. ಇಬ್ಬರಿಗೂ ಇನ್ನೂ ಒಮ್ಮತವಿಲ್ಲ.