ಪಾರ್ಕಿಂಗ್ ಮತ್ತು ಎಸಿ ಡಕ್ಟ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಡಿಟೆಕ್ಟರ್: ಎಲ್ಲಿ ಕೂರಿಸಬೇಕು, ವೈರಿಂಗ್ ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಮಂಗಳೂರಿನಲ್ಲಿ ನಿಮ್ಮದೊಂದು ಕಟ್ಟಡವಿದೆ. ತಳಮಹಡಿಯಲ್ಲಿ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ ಕಚೇರಿಗಳು. ಪಾರ್ಕಿಂಗ್‌ನ ಕೆಟ್ಟ ಗಾಳಿಯನ್ನು ಹೊರಹಾಕುವ ಎಕ್ಸಾಸ್ಟ್ ಡಕ್ಟ್‌ನೊಳಗೆ (ಡಕ್ಟ್ ಎಂದರೆ ತಗಡಿನ ಗಾಳಿಕೊಳವೆ) ವಾಹನದ ಹೊಗೆಯಲ್ಲಿರುವ ವಿಷಾನಿಲವನ್ನು ಪತ್ತೆಹಚ್ಚುವ ಒಂದು ಕಾರ್ಬನ್ ಮೊನಾಕ್ಸೈಡ್ ಡಿಟೆಕ್ಟರ್, ಎಸಿಗೆ ಹೊರಗಾಳಿ ತರುವ ಡಕ್ಟ್‌ನೊಳಗೆ ಇನ್ನೊಂದು ಹಾಕಬೇಕು, ಗಾಳಿ ಕೆಟ್ಟಾಗ ಫ್ಯಾನ್ ತಾನಾಗಿ ಓಡಬೇಕು. ನಿಮ್ಮ ಎಲೆಕ್ಟ್ರಿಷಿಯನ್ ಎರಡು ವೈರು ಎಳೆದರೆ ಮುಗಿಯಿತು ಎಂದಿದ್ದಾರೆ. ಈ ಕರಾವಳಿಯಲ್ಲೇ ಎಸಿ, ವೆಂಟಿಲೇಶನ್ ಕೆಲಸ ಮಾಡಿಕೊಂಡಿರುವವನು ನಾನು. ವೈರು ಎಳೆಯುವುದು ನಿಜಕ್ಕೂ ದೊಡ್ಡ ಕೆಲಸವಲ್ಲ. ತೊಡಕಿರುವುದು ಅದಕ್ಕೂ ಮೊದಲಿನ ಲೆಕ್ಕಾಚಾರದಲ್ಲಿ.

ಎಕ್ಸಾಸ್ಟ್ ಡಕ್ಟ್‌ನೊಳಗೆ ಮಾತ್ರ ಸೆನ್ಸರ್ ಇಟ್ಟು, ಅದೇ ಫ್ಯಾನನ್ನು ಶುರು ಮಾಡಲಿ ಎಂದು ಕಾದರೆ ಆ ಫ್ಯಾನ್ ಬೇಕಾದಾಗ ತಿರುಗುವುದಿಲ್ಲ. ಫ್ಯಾನ್ ನಿಂತಿರುವಾಗ ಡಕ್ಟ್‌ನೊಳಗಿನ ಗಾಳಿಯೂ ನಿಂತಿರುತ್ತದೆ. ಕೆಳಗೆ ಹತ್ತು ಕಾರುಗಳು ಹೊಗೆ ಬಿಡುತ್ತಿದ್ದರೂ ಸೆನ್ಸರಿನ ಮುಂದಿರುವುದು ಹಳೆಯ ಗಾಳಿಯೇ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬಂತಾಗುತ್ತದೆ. ಡಕ್ಟ್ ಡಿಟೆಕ್ಟರಿನ ಕೈಪಿಡಿಯಲ್ಲಿ ಗಾಳಿಯ ಕನಿಷ್ಠ ವೇಗ ಇಷ್ಟಿರಬೇಕು ಎಂದು ಬರೆದಿರುವುದು ಸುಮ್ಮನೆ ಅಲ್ಲ. ಡಕ್ಟ್‌ನೊಳಗೆ ಚಾಚಿರುವ ಅದರ ನಳಿಕೆಯೊಳಕ್ಕೆ ಗಾಳಿಯನ್ನು ತಳ್ಳುವುದೇ ಆ ವೇಗ.

ಆದ್ದರಿಂದ ಫ್ಯಾನಿಗೆ ಅಪ್ಪಣೆ ಕೊಡುವ ಸೆನ್ಸರುಗಳು ಪಾರ್ಕಿಂಗ್‌ನ ಕಂಬಗಳ ಮೇಲಿರಬೇಕು, ಮನುಷ್ಯ ಉಸಿರಾಡುವ ಎತ್ತರದಲ್ಲಿ, ಅಂದರೆ ನೆಲದಿಂದ ಸುಮಾರು 1.5 ಮೀಟರ್. ನೆಲದ ಹತ್ತಿರ ಇಡಿ ಎಂದು ಯಾರಾದರೂ ಹೇಳಿದರೆ ಅವರ ತಲೆಯಲ್ಲಿರುವುದು ಎಲ್‌ಪಿಜಿ. ಎಲ್‌ಪಿಜಿ ಗಾಳಿಗಿಂತ ಭಾರ, ಕೆಳಗೆ ಇಳಿಯುತ್ತದೆ. ಕಾರ್ಬನ್ ಮೊನಾಕ್ಸೈಡಿನ ಅಣುತೂಕ 28, ಗಾಳಿಯದ್ದು ಸರಾಸರಿ 29. ಹೆಚ್ಚುಕಡಿಮೆ ಸಮ, ಹಾಗಾಗಿ ಗಾಳಿಯೊಂದಿಗೆ ಬೆರೆತು ಎಲ್ಲ ಕಡೆ ಹರಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇದನ್ನು ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ.

ಯಾವ ಕಂಬಗಳು ಎಂಬುದಕ್ಕೆ ನಕ್ಷೆ ನೋಡಿದರೆ ಸಾಲದು, ಸ್ಥಳ ನೋಡಬೇಕು. ಮಂಗಳೂರು ಗುಡ್ಡ ಕಡಿದು ಕಟ್ಟಿದ ಊರು. ಇಲ್ಲಿನ ಎಷ್ಟೋ ತಳಮಹಡಿಗಳ ಒಂದು ಬದಿ ರಸ್ತೆಗೆ ತೆರೆದಿದ್ದರೆ ಇನ್ನೊಂದು ಬದಿ ಧರೆಯೊಳಗೆ ಹೂತಿರುತ್ತದೆ. ಗಾಳಿ ಸತ್ತು ನಿಲ್ಲುವುದು ಆ ಧರೆಯ ಬದಿಯ ಮೂಲೆಯಲ್ಲಿ. ಅಲ್ಲಿ ಒಂದು ಸೆನ್ಸರ್ ಖಂಡಿತ ಬೇಕು. ಕಾರುಗಳು ಸಾಲುಗಟ್ಟಿ ನಿಲ್ಲುವ ರ‍್ಯಾಂಪಿನ ಬುಡದಲ್ಲಿ ಇನ್ನೊಂದು. ತಣ್ಣಗಿರುವ ಪೆಟ್ರೋಲ್ ಎಂಜಿನ್ ಆಗಷ್ಟೇ ಶುರುವಾದಾಗ ಉಗುಳುವ ಮೊನಾಕ್ಸೈಡ್ ಬಿಸಿಯಾದ ಎಂಜಿನ್ನಿನದಕ್ಕಿಂತ ಬಹಳ ಹೆಚ್ಚು. ಕಾವಲುಗಾರ ಎಂಟು ಹತ್ತು ಗಂಟೆ ಕೂರುವ ಜಾಗವನ್ನು ಎಲ್ಲರೂ ಮರೆಯುತ್ತಾರೆ. ಅವರ ಕುರ್ಚಿಯ ಪಕ್ಕದ ಕಂಬ ನನ್ನ ಪಟ್ಟಿಯಲ್ಲಿ ಮೊದಲನೆಯದು. ಜೂನ್ ಬಂತೆಂದರೆ ಇರಚಲು ತಡೆಯಲು ಗ್ರಿಲ್ಲುಗಳಿಗೆ ಟರ್ಪಾಲು ಕಟ್ಟುವ ಅಭ್ಯಾಸ ನಮ್ಮಲ್ಲಿದೆ. ಬೇಸಿಗೆಯಲ್ಲಿ ಸೊಗಸಾಗಿ ಗಾಳಿಯಾಡುವ ಪಾರ್ಕಿಂಗ್ ಆಟಿ ತಿಂಗಳಲ್ಲಿ ಮುಚ್ಚಿದ ಡಬ್ಬಿಯಾಗಿರುತ್ತದೆ. ಜಾಗದ ತೀರ್ಮಾನವನ್ನು ಮಳೆಗಾಲದ ಸ್ಥಿತಿ ನೋಡಿ ಮಾಡಿ. ಬ್ರಾಕೆಟ್ಟನ್ನು ಕಾಂಕ್ರೀಟ್ ಕಂಬಕ್ಕೇ ಹೊಡೆಯಿರಿ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಯಲ್ಲಿ ಆಂಕರ್ ಬೋಲ್ಟ್ ಸಡಿಲವಾಗುತ್ತದೆ, ಸಾಲದ್ದಕ್ಕೆ ಗೋಡೆಯೇ ನೀರು ಕುಡಿದಿರುತ್ತದೆ.

ಎಷ್ಟು ಮೊನಾಕ್ಸೈಡಿಗೆ ಫ್ಯಾನ್ ಶುರುವಾಗಬೇಕು ಎಂದೂ ಕೇಳಿದ್ದೀರಿ. ಸಾಮಾನ್ಯವಾಗಿ 25ರಿಂದ 35 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅನಿಲದ ಇಷ್ಟು ಭಾಗ) ತಲುಪಿದಾಗ ಫ್ಯಾನ್ ಶುರುವಾಗುವಂತೆಯೂ 100 ಪಿಪಿಎಂಗೆ ಹೂಟರ್ ಕೂಗುವಂತೆಯೂ ಇಡುತ್ತಾರೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಒಶಾದ ನಿಯಮದಲ್ಲಿ ಎಂಟು ಗಂಟೆಯ ಕೆಲಸಕ್ಕೆ ಸರಾಸರಿ ಮಿತಿ 50 ಪಿಪಿಎಂ, ಅಲ್ಲಿಯದೇ ಸಂಶೋಧನಾ ಸಂಸ್ಥೆ ನಯೋಶ್‌ನ ಶಿಫಾರಸು 35. ಅದಕ್ಕೆ ಮುಟ್ಟುವ ಮೊದಲೇ ಫ್ಯಾನ್ ತಿರುಗಲಿ ಎಂಬುದು ಈ ಸಂಖ್ಯೆಗಳ ಹಿಂದಿನ ಲೆಕ್ಕ. ಒಮ್ಮೆ ಶುರುವಾದ ಫ್ಯಾನ್ ಹತ್ತು ಹದಿನೈದು ನಿಮಿಷವಾದರೂ ಓಡುವಂತೆ ಟೈಮರ್ ಇಡಿ. ಇಲ್ಲದಿದ್ದರೆ 25ರ ಆಚೀಚೆ ಓಲಾಡುವಾಗ ಮೋಟಾರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್, ಟಕಟಕ ಬಡಿದು ಸುಟ್ಟುಹೋಗುತ್ತದೆ.

ಹಾಗಾದರೆ ಎಕ್ಸಾಸ್ಟ್ ಡಕ್ಟ್‌ನ ಡಿಟೆಕ್ಟರ್ ದಂಡವೇ? ಫ್ಯಾನ್ ಸದಾ ನಿಧಾನ ವೇಗದಲ್ಲಿ ಓಡುತ್ತಿದ್ದು, ಆ ವೇಗ ಕೈಪಿಡಿಯ ಕನಿಷ್ಠಕ್ಕಿಂತ ಮೇಲಿದ್ದರೆ, ಅದನ್ನು ಹೆಚ್ಚಿಸುವುದಕ್ಕೆ ಡಕ್ಟ್ ಡಿಟೆಕ್ಟರನ್ನು ಬಳಸಬಹುದು. ಆದರೆ ಡಕ್ಟ್‌ನಲ್ಲಿ ಸಿಗುವುದು ಎಲ್ಲ ಗ್ರಿಲ್ಲುಗಳಿಂದ ಬಂದ ಗಾಳಿಯ ಸರಾಸರಿ. ಒಂದು ಮೂಲೆಯಲ್ಲಿ 120 ಇದ್ದು ಉಳಿದೆಡೆ ಶುದ್ಧವಾಗಿದ್ದರೆ ಅಲ್ಲಿ ಕಾಣುವುದು ಇಪ್ಪತ್ತೋ ಮೂವತ್ತೋ. ನಿಮ್ಮ ಹಣ ಒಂದಕ್ಕೇ ಸಾಲುವುದಾದರೆ ಕಂಬದ ಸೆನ್ಸರಿಗೆ ಹಾಕಿ.

ಹೊರಗಾಳಿಯ ಡಕ್ಟ್‌ನ ಕಥೆಯೇ ಬೇರೆ. ನನ್ನ ಅಭಿಪ್ರಾಯದಲ್ಲಿ ಡಕ್ಟ್ ಡಿಟೆಕ್ಟರ್ ನಿಜವಾಗಿ ಸಲ್ಲುವುದು ಅಲ್ಲಿ. ಗಮನಿಸಿ, ಅಲ್ಲಿ ಮಾಡಬೇಕಾದ್ದು ಪಾರ್ಕಿಂಗ್‌ಗೆ ನೇರ ವಿರುದ್ಧ. ಪಾರ್ಕಿಂಗ್‌ನಲ್ಲಿ ಮೊನಾಕ್ಸೈಡ್ ಕಂಡರೆ ಫ್ಯಾನ್ ಜೋರಾಗಬೇಕು. ಹೊರಗಾಳಿಯಲ್ಲಿ ಕಂಡರೆ ಡಕ್ಟ್‌ನೊಳಗಿನ ಬಾಗಿಲಾದ ಡ್ಯಾಂಪರ್ ಮುಚ್ಚಿ ಆ ಡಕ್ಟ್‌ನ ಫ್ಯಾನ್ ನಿಲ್ಲಬೇಕು. ಎರಡನ್ನೂ ಒಂದೇ ರಿಲೇಗೆ (ಸಿಗ್ನಲ್ ಬಂದಾಗ ತಾನಾಗಿ ಕೆಲಸ ಮಾಡುವ ಸಣ್ಣ ಸ್ವಿಚ್ಚು) ಜೋಡಿಸಿದರೆ, ಕೆಳಗೆ ಗಾಳಿ ಕೆಟ್ಟಾಗಲೆಲ್ಲ ಮೇಲಿನ ಕಚೇರಿಗೆ ಹೊಗೆಯನ್ನು ಇನ್ನಷ್ಟು ಎಳೆದು ತುಂಬಿಸಿದಂತೆ. ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ ಎರಡು ವೈರಿನ ಅಪಾಯ ಇದೇ. ಫಿಲ್ಟರ್ ಇದೆಯಲ್ಲ ಎನ್ನಬೇಡಿ, ಧೂಳಿನ ಫಿಲ್ಟರಿನಲ್ಲಿ ಈ ಅನಿಲ ಸಲೀಸಾಗಿ ನುಸುಳುತ್ತದೆ.

ಡಿಟೆಕ್ಟರ್ ಕೂರಬೇಕಾದ್ದು ಹೊರಗಾಳಿಯು ಒಳಗಿನಿಂದ ಮರಳಿ ಬರುವ ಗಾಳಿಯೊಂದಿಗೆ ಬೆರೆಯುವ ಮೊದಲು. ಹೊರಗಾಳಿಯ ಪಾಲು ಐದರಲ್ಲಿ ಒಂದಾದರೆ, ಹೊರಗಿನ 100 ಪಿಪಿಎಂ ಬೆರೆತ ಮೇಲೆ 20 ಆಗಿ ಕಾಣುತ್ತದೆ, ಅಲಾರಂ ಸುಮ್ಮನಿರುತ್ತದೆ. ಕೂಲಿಂಗ್ ಕಾಯಿಲ್ ದಾಟಿದ ಮೇಲಂತೂ ಬೇಡ, ಅಲ್ಲಿ ತೇವ ಜಾಸ್ತಿ.

ಇದನ್ನೆಲ್ಲ ಮಾಡುವ ಮುನ್ನ ಜನರೇಟರಿನ ಹೊಗೆ ಕೊಳವೆ ಎಲ್ಲಿ ಬಾಯಿ ತೆರೆಯುತ್ತದೆ ಎಂದು ಹೋಗಿ ನೋಡಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರದಂತೆ ಅದರ ತುದಿ ಕಟ್ಟಡದ ಎತ್ತರಕ್ಕಿಂತ, ಜನರೇಟರಿನ ಸಾಮರ್ಥ್ಯ ಹೇಳುವ ಕೆವಿಎ ಸಂಖ್ಯೆಯ ವರ್ಗಮೂಲವನ್ನು 0.2ರಿಂದ ಗುಣಿಸಿದಷ್ಟು ಮೀಟರ್ ಮೇಲಿರಬೇಕು. 250 ಕೆವಿಎ ಯಂತ್ರವಾದರೆ ಸುಮಾರು 3.2 ಮೀಟರ್. ಕೊಳವೆಯನ್ನು ಮೊದಲ ಮಹಡಿಯ ಮಟ್ಟದಲ್ಲೇ ಬಗ್ಗಿಸಿ ಬಿಟ್ಟ ಕಟ್ಟಡಗಳು ನಮ್ಮಲ್ಲಿ ಬೇಕಾದಷ್ಟಿವೆ. ಅದು ಪಡುವಣ ಬದಿಯಲ್ಲಿದ್ದರೆ ಮಧ್ಯಾಹ್ನದ ಕಡಲಗಾಳಿ ಹೊಗೆಯನ್ನು ನೇರವಾಗಿ ಗೋಡೆಗೆ ಒತ್ತುತ್ತದೆ, ಎಸಿಯ ಬಾಯಿ ಅದನ್ನು ಹೀರುತ್ತದೆ. ಅದಕ್ಕೆ ಮದ್ದು ಕೊಳವೆ ಎತ್ತರಿಸುವುದು. ಡಿಟೆಕ್ಟರ್ ಆಮೇಲಿನ ಮಾತು.

ಇನ್ನು ಕೂರಿಸುವ ಕೆಲಸ. ಡಕ್ಟ್‌ನ ತಿರುವಿನಿಂದ ಡಕ್ಟ್ ಅಗಲದ ಆರು ಪಟ್ಟು ದೂರದ ನೇರ ಭಾಗ ಆರಿಸಿ. ತಿರುವಿನ ಬಳಿ ಗಾಳಿ ಸುಳಿಯುತ್ತದೆ. ಡಬ್ಬಿ ಡಕ್ಟ್‌ನ ಹೊರಗಿರುತ್ತದೆ, ಎರಡು ನಳಿಕೆಗಳು ಒಳಗೆ ಹೋಗುತ್ತವೆ. ಉದ್ದದ ನಳಿಕೆಯ ತೂತುಗಳು ಗಾಳಿ ಬರುವ ದಿಕ್ಕಿಗೇ ಮುಖ ಮಾಡಿರಬೇಕು, ಅದರ ತುದಿಗೆ ಬಿರಡೆ ಇರಲೇಬೇಕು. ಈ ಬಿರಡೆ ಪೆಟ್ಟಿಗೆಯ ತಳದಲ್ಲಿ ಸಣ್ಣ ಪೊಟ್ಟಣದಲ್ಲಿ ಬರುತ್ತದೆ, ಕಸದೊಂದಿಗೆ ಹೋಗುವುದೂ ಉಂಟು. ಬಿರಡೆಯಿಲ್ಲದ ನಳಿಕೆಯಲ್ಲಿ ಗಾಳಿ ಡಬ್ಬಿಗೆ ಬಾರದೆ ತುದಿಯಿಂದಲೇ ಹೊರಟುಹೋಗುತ್ತದೆ. ನಳಿಕೆ ಡಬ್ಬಿಯಿಂದ ಆಚೆಗೆ ತುಸು ಇಳಿಜಾರಾಗಿರಲಿ, ಸೇರಿದ ನೀರು ಸೆನ್ಸರಿನ ಕಡೆ ಬಾರದಂತೆ. ಇನ್ಸುಲೇಶನ್ ಮೇಲೆಯೇ ಸ್ಕ್ರೂ ಹೊಡೆಯದೆ ಅಷ್ಟು ಚೌಕ ಕತ್ತರಿಸಿ, ತಗಡಿಗೆ ಡಬ್ಬಿ ಕೂರಿಸಿ, ಅಂಚಿಗೆ ಅಲ್ಯೂಮಿನಿಯಂ ಟೇಪ್ ಹಚ್ಚಿ. ತೂತು ಮುಚ್ಚಲು ಡಬ್ಬಿಯೊಂದಿಗೆ ಬಂದ ಗ್ಯಾಸ್ಕೆಟ್ ಬಳಸಿ. ವಿನೆಗರ್ ವಾಸನೆಯ ಸಿಲಿಕೋನ್ ಬೇಡ. ಅದರಿಂದ ಹೊರಡುವ ಅಸಿಟಿಕ್ ಆಮ್ಲ ತಾಮ್ರವನ್ನು ತಿನ್ನುತ್ತದೆ, ಸಿಲಿಕೋನ್ ಆವಿ ಕೆಲವು ಬಗೆಯ ಸೆನ್ಸರುಗಳನ್ನೇ ಕೆಡಿಸುತ್ತದೆ.

ವೈರಿಂಗ್ ಶುರು ಮಾಡುವಾಗ ಪ್ಯಾನೆಲ್‌ನ ಮೇನ್ ತೆಗೆದು, ಟೆಸ್ಟರಿನಲ್ಲಿ ನೋಡಿ, ಬೀಗ ಹಾಕಿ. ಈ ಉಪಕರಣಗಳು ಸಾಮಾನ್ಯವಾಗಿ 24 ವೋಲ್ಟಿನವು. 230 ಕೊಟ್ಟು ಸುಟ್ಟವರಿಗೆ ವಾರಂಟಿ ಇಲ್ಲ. ಒಂದೇ 24 ವೋಲ್ಟ್ ಎಸಿ ಟ್ರಾನ್ಸ್‌ಫಾರ್ಮರಿನಿಂದ ಹಲವು ಡಿಟೆಕ್ಟರುಗಳಿಗೆ ಕೊಡುವಾಗ ಎಲ್ಲಕ್ಕೂ ಅದೇ ವೈರು ಅದೇ ಟರ್ಮಿನಲ್‌ಗೆ ಹೋಗಬೇಕು. ಒಂದರಲ್ಲಿ ಅದಲುಬದಲಾದರೂ ಕೆಲವು ಮಾದರಿಗಳಲ್ಲಿ ಶಾರ್ಟ್ ಆಗುತ್ತದೆ. ಸಿಗ್ನಲ್‌ಗೆ ಶೀಲ್ಡ್ ಇರುವ ಹೆಣೆದ ಜೋಡಿ ವೈರು ಬಳಸಿ, ಶೀಲ್ಡನ್ನು ಪ್ಯಾನೆಲ್ ಬದಿಯಲ್ಲಿ ಮಾತ್ರ ಅರ್ತ್ ಮಾಡಿ. ಫ್ಯಾನಿನ ಪವರ್ ಕೇಬಲ್ ಇರುವ ಪೈಪಿನಲ್ಲೇ ಇದನ್ನು ತುರುಕಬೇಡಿ. ಫ್ಯಾನಿನ ವೇಗ ಬದಲಿಸುವ ವಿಎಫ್‌ಡಿ ಇದ್ದರಂತೂ ಓದಿಕೆ ಕುಣಿಯುತ್ತದೆ.

ರಿಲೇ ಮಾತ್ರ ಇರುವ ಮಾದರಿಗಿಂತ 4–20 ಮಿಲಿಆಂಪಿಯರ್ ಸಿಗ್ನಲ್ ಕೊಡುವುದನ್ನು ತೆಗೆದುಕೊಳ್ಳಿ ಎನ್ನುತ್ತೇನೆ. 0–200 ಪಿಪಿಎಂ ವ್ಯಾಪ್ತಿಯ ಸೆನ್ಸರಾದರೆ ಶುದ್ಧ ಗಾಳಿಗೆ 4, 50 ಪಿಪಿಎಂಗೆ 8, ನೂರಕ್ಕೆ 12 ಮಿಲಿಆಂಪಿಯರ್. ವೈರು ಕಡಿದರೆ ಸೊನ್ನೆ. ಇಲಿ ಕಚ್ಚಿದ್ದೂ ಶುದ್ಧ ಗಾಳಿಯೂ ಬೇರೆಬೇರೆಯಾಗಿ ತಿಳಿಯುವುದು ಹೀಗೆ. ಸಾದಾ ರಿಲೇಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ರಿಲೇಯನ್ನೇ ಬಳಸುವುದಾದರೆ ಅದರಿಂದ ಮೋಟಾರನ್ನು ನೇರವಾಗಿ ಓಡಿಸಬೇಡಿ. ರಿಲೇ ಕಾಂಟ್ಯಾಕ್ಟರಿನ ಕಾಯಿಲ್‌ಗೆ, ಕಾಂಟ್ಯಾಕ್ಟರ್ ಮೋಟಾರಿಗೆ.

ಉಪ್ಪುಗಾಳಿಗೆ ಪ್ರತ್ಯೇಕ ಎಚ್ಚರ ಬೇಕು. ಸಾದಾ ತಾಮ್ರದ ತುದಿ ಕೆಲವೇ ಮಳೆಗಾಲದಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ವೈರಿನ ತುದಿಗೆ ತವರ ಲೇಪಿಸಿದ ಲೋಹದ ಲಗ್ಗು ಒತ್ತಿ, ಧೂಳು ನೀರು ಒಳಹೋಗದ ಐಪಿ65 ಡಬ್ಬಿ ಹಾಕಿ, ಕೇಬಲ್ಲನ್ನು ಬಿಗಿಯಾಗಿ ಹಿಡಿಯುವ ಕೆಳಬದಿಯ ಗ್ಲ್ಯಾಂಡಿನಿಂದಲೇ ಅದನ್ನು ಒಳಗೆ ತನ್ನಿ. ಗ್ಲ್ಯಾಂಡಿಗೆ ಮುಂಚೆ ಕೇಬಲ್ ಒಂದು ಬಳುಕು ಕೆಳಗಿಳಿದು ಮೇಲೇರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಫೈರ್ ಪ್ಯಾನೆಲ್ ಇದ್ದರೆ ಅದರ ಮಾತೇ ಕೊನೆಯ ಮಾತು. ಬೆಂಕಿಯ ಹೊತ್ತಿನಲ್ಲಿ ಯಾವ ಫ್ಯಾನ್ ಓಡಬೇಕು, ಯಾವುದು ನಿಲ್ಲಬೇಕು ಎಂಬುದನ್ನು ಮೊನಾಕ್ಸೈಡ್ ಸೆನ್ಸರ್ ತಿದ್ದುವಂತಿರಬಾರದು. ಆ ಜೋಡಣೆಯನ್ನು ಪ್ಯಾನೆಲ್ ನೋಡಿಕೊಳ್ಳುವವರೇ ಮಾಡಲಿ, ಉಳಿದದ್ದನ್ನು ಪರವಾನಗಿ ಇರುವ ಗುತ್ತಿಗೆದಾರರು.

ಮನೆಗೆಂದು ಮಾರುವ ಅಗ್ಗದ ಅಲಾರಂ ಡಕ್ಟ್‌ನಲ್ಲಿ ಕಟ್ಟಿದರೆ ಆಗದೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಆಗದು ಮಾರಾಯರೇ. ಅದು ಕೋಣೆಯ ನಿಂತ ಗಾಳಿಗೆ ಮಾಡಿದ್ದು. ಯುರೋಪಿನ ಇಎನ್ 50291 ಮಾನದಂಡದಲ್ಲಿ ಅದು 50 ಪಿಪಿಎಂಗೆ ಕೂಗಬೇಕಾದ್ದೇ 60ರಿಂದ 90 ನಿಮಿಷದ ಮೇಲೆ, 100ಕ್ಕೆ 10ರಿಂದ 40 ನಿಮಿಷದೊಳಗೆ. ಮಲಗಿದವರನ್ನು ಎಬ್ಬಿಸಲು ಅದು ಸರಿ; ಫ್ಯಾನ್ ನಡೆಸಲು ಅಲ್ಲ. ಮನೆಯಲ್ಲಿ ಗ್ಯಾಸ್ ಗೀಸರ್ ಇದ್ದರೆ ಮಾತ್ರ ಅದನ್ನು ಇವತ್ತೇ ಕೊಂಡು ಮಲಗುವ ಕೋಣೆಯ ಹತ್ತಿರ ಹಾಕಿ, ಗೀಸರನ್ನು ಬಚ್ಚಲಿನಿಂದ ಹೊರಗೆ ಸಾಗಿಸಿ.

ಕೆಲಸ ಮುಗಿದ ಮೇಲೆ ಪರೀಕ್ಷೆ. ಊದುಬತ್ತಿಯ ಹೊಗೆಯಿಂದ ಗಾಳಿಯ ದಿಕ್ಕು ತಿಳಿಯುತ್ತದೆ, ಅಷ್ಟೇ. ಸ್ಕೂಟರಿನ ಸೈಲೆನ್ಸರಿಗೆ ಸೆನ್ಸರ್ ಹಿಡಿಯುವುದು ಬೇಡ, ಅಳತೆ ಮೀರಿದ ಅನಿಲ ಕುಡಿದ ಸೆನ್ಸರ್ ಚೇತರಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ. ಇಷ್ಟೇ ಪಿಪಿಎಂ ಎಂದು ಬರೆದ ಪರೀಕ್ಷಾ ಅನಿಲದ ಸಣ್ಣ ಸಿಲಿಂಡರ್ ಸಿಗುತ್ತದೆ, ಪೂರೈಕೆದಾರರು ಅದನ್ನು ತಂದು ನಿಮ್ಮೆದುರೇ ಬಿಡಬೇಕು. ಡಿಟೆಕ್ಟರ್ ಕೂಗುವುದಷ್ಟೇ ಅಲ್ಲ, ಫ್ಯಾನ್ ತಿರುಗಿತೇ, ಡ್ಯಾಂಪರ್ ಮುಚ್ಚಿತೇ ಎಂದು ಹೋಗಿ ಕಣ್ಣಾರೆ ನೋಡಿದ ಮೇಲೆಯೇ ಬಿಲ್ಲಿಗೆ ಸಹಿ ಹಾಕಿ. ವರ್ಷಕ್ಕೊಮ್ಮೆಯಾದರೂ ಇದೇ ಪರೀಕ್ಷೆ ಮತ್ತೆ ಆಗಲಿ. ಎಲೆಕ್ಟ್ರೋಕೆಮಿಕಲ್ ಸೆನ್ಸರಿನ ಆಯುಷ್ಯ ಸಾಮಾನ್ಯವಾಗಿ ಐದರಿಂದ ಏಳು ವರ್ಷ. ಆಮೇಲೆ ದೀಪ ಹಸಿರಾಗಿಯೇ ಉರಿಯುತ್ತಿದ್ದರೂ ಬದಲಿಸಬೇಕು. ಕೂರಿಸಿದ ತಿಂಗಳು, ವರ್ಷವನ್ನು ಡಬ್ಬಿಯ ಮುಚ್ಚಳದ ಒಳಬದಿಯಲ್ಲಿ ಬರೆದಿಡಿ. ಹೊರಗೆ ಬರೆದದ್ದು ಮಳೆಗಾಲದಲ್ಲಿ ಉಳಿಯುವುದಿಲ್ಲ.